ಶ್ರುತಿಪೆಟ್ಟಿಗೆಗೆ ಒಗ್ಗದ ಹಾಡು

ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹತ್ತಿರ ಹಳೆಯ ಸಾಮಾನಿನ ಅಂಗಡಿಯೊಂದಿದೆ. ಇಲ್ಲಿನ ಹಿರಿಯ ಕಂಟ್ರಿ ಸಂಗೀತದ ಗಾಯಕರೊಬ್ಬರ ಒಂದು ಸಿ.ಡಿ. ಆಲ್ಬಮ್ಮಿನ ನಾಲ್ಕೈದು ಪ್ರತಿ ಅಲ್ಲಿ ಯಾವಾಗಲೂ ಬಿದ್ದಿರುತ್ತಿದ್ದವು. ಅವರ ಹಾಡೆಂದರೆ ಜನ ಕುಣಿಯಬೇಕು. ಇದರಲ್ಲಿ ಕುಣಿಯುವಂಥದ್ದು ಒಂದೂ ಇಲ್ಲ, ಹಾಗಾಗಿ ಯಾರಿಗೂ ಬೇಡ. ಆಗ ಹನ್ನೆರಡು ವರ್ಷದವಳಾಗಿದ್ದ ನನ್ನ ಮಗಳು ಅದನ್ನು ತಂದು, ನಾಲ್ಕನೆಯ ಹಾಡನ್ನು ಕನ್ನಡ ಕೂಟದ ಯುಗಾದಿಗೆ ಹಾಡುತ್ತೇನೆಂದು ಹಟ ಹಿಡಿದಳು.

ಸುಗಮ ಸಂಗೀತ ಕಲಿತ ನಾನು ಸುಮ್ಮನಿರುತ್ತೇನೆಯೇ? ಫೋನಿನ ಶ್ರುತಿಪೆಟ್ಟಿಗೆಯಲ್ಲಿ ತಂಬೂರಿ ಹಾಕಿ, ಅದರ ಜೊತೆ ಆ ಹಾಡು ಕೇಳಿಸಿದೆ. ಗಿಟಾರು ಒಂದೆಡೆ ಎಳೆದರೆ ತಂಬೂರಿ ಇನ್ನೊಂದೆಡೆ. ಸ್ವರ ಮುಟ್ಟುವ ಮೊದಲೇ ಗಾಯಕರು ದನಿ ಇಳಿಸುತ್ತಿದ್ದರು.

"ನೋಡು, ಆ ಅಜ್ಜಂಗೆ ಶ್ರುತಿನೇ ನಿಲ್ತಿಲ್ಲ. ಬೇರೆ ಯಾವ್ದಾದ್ರೂ ಹಾಡು ಪುಟ್ಟಿ" ಎಂದೆ.

ಆ ಯುಗಾದಿಗೆ ಅವಳು ಯಾವುದನ್ನೂ ಹಾಡಲಿಲ್ಲ. ಆಮೇಲೆ ನಾನು ಅಡುಗೆಮನೆಗೆ ಕಾಲಿಟ್ಟರೆ ಅವಳ ಗುನುಗು ನಿಲ್ಲುತ್ತಿತ್ತು. ಅದು ನನ್ನನ್ನು ವರ್ಷಗಟ್ಟಲೆ ಚುಚ್ಚಿತು. ಕೇಳೋಣವೆಂದರೆ ಬಿಗುಮಾನ.

ಕಳೆದ ವರ್ಷ ಅವಳು ಓದಲು ದಕ್ಷಿಣದ ಕಾರ್ಲ್‌ಸ್ಕ್ರೂನಾ ಊರಿಗೆ ಹೋದಳು. ಅವಳ ಸೈಕಲ್ಲು, ಕುಕ್ಕರು ತುಂಬಿಕೊಂಡು ನಾನೊಬ್ಬನೇ ಹಿಂದಿನಿಂದ ಹೊರಟೆ. ಕಾರಿನ ಪ್ಲೇಯರಿನಲ್ಲಿ ಅವಳು ಹಾಕಿದ್ದ ಅದೇ ಸಿ.ಡಿ. ಉಳಿದಿತ್ತು. ಐದಾರು ಗಂಟೆಯ ದಾರಿ, ಹಾಡಲಿ ಎಂದು ಬಿಟ್ಟೆ.

ಹಿಂದೆ ನನ್ನ ಸ್ವೀಡಿಷ್ ಕೊಮ್ಯೂನ್, ಅಂದರೆ ನಗರಸಭೆ, ಕಚೇರಿಯ ಫಾರ್ಮ್ ತುಂಬುವಷ್ಟಿತ್ತು, ಅಷ್ಟೇ. ಈಗ ಹಾಡಿನ ಮಾತು ತಿಳಿಯಿತು. ಒಂದು ಹಾಡಿನಲ್ಲಿ ಹೆಂಡತಿ ತೀರಿಕೊಂಡವನೊಬ್ಬ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬಗ್ಗಿಸುತ್ತಾನೆ. ಅದನ್ನು ಅವರು ಆಲೂಗಡ್ಡೆ ಸುಲಿಯುತ್ತ ಮಾತಾಡುವವರಂತೆ ಹಾಡಿದ್ದಾರೆ. ಹೇಳಲಾಗದ ಮಾತು ಬಂದಾಗ ಮಾತ್ರ ದನಿ ಇಳಿಯುತ್ತದೆ, ಉಳಿದದ್ದನ್ನು ಸ್ಟೀಲ್ ಗಿಟಾರು ಎಳೆದು ಮುಗಿಸುತ್ತದೆ. ಎಂಥ ಹದ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಲು ಬಾರದ ನಾನು ಆ ದೊಡ್ಡ ಮನುಷ್ಯರ ಗಂಟಲನ್ನು ದೂರಿದ್ದೆ.

ನಾಲ್ಕನೆಯ ಹಾಡು ಬಂತು. ಮಗಳು ಮರೆತ ಕೈಗವಸು ಹಿಡಿದು, ಮನೆಯ ಚಪ್ಪಲಿಯಲ್ಲೇ, ಹಿಮದಲ್ಲಿ ಶಾಲೆಯವರೆಗೆ ಓಡುವ ಅಪ್ಪನ ಹಾಡು ಅದು. ನಾನೂ ಹಾಗೆ ಎಷ್ಟು ಸಲ ಓಡಿದ್ದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಕೇಳಿದೆ.

ಅವಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಕುಕ್ಕರ್ ಇಳಿಸಿದವನೇ ಕೇಳಿದೆ: "ಯುಗಾದೀಲಿ ಆ ಹಾಡು ನಂಗೋಸ್ಕರ ಹಾಡ್ಬೇಕು ಅಂತಿದ್ಯಾ?"

"ಮತ್ತೆ ಇನ್ಯಾರಿಗೆ ಅಪ್ಪ?"

"ತಪ್ಪಾಯ್ತು ಕಣೆ. ಅವ್ರು ಸರಿಯಾಗೇ ಹಾಡಿದಾರೆ."

ಅವಳು ನಕ್ಕಳು. "ಈಗ ಹಾಡ್ಲಾ? ಆದ್ರೆ ನೋ ಕರೆಕ್ಷನ್ಸ್, ಓಕೆ?"

ಅನ್ನಕ್ಕೆ ಇಡುತ್ತಲೇ, ನನಗೆ ಬೆನ್ನು ಮಾಡಿ ಹಾಡಿದಳು. ನನಗೆ ಹೇಳಲಾರದಷ್ಟು ಸಂತೋಷ, ಜೊತೆಗೆ ನಾಚಿಕೆ. ಅದು ತುಂಬಿದ, ಸ್ವಲ್ಪ ಒರಟಾದ, ದೊಡ್ಡ ಹೆಂಗಸಿನ ದನಿ. ನನ್ನ ಮಗಳಿಗೆ ಅಂಥ ದನಿ ಬಂದಿದೆ ಎಂಬುದು ಅಪ್ಪನಾದ ನನಗೆ ಗೊತ್ತೇ ಇರಲಿಲ್ಲ.