ಗಿರಿಜಾ ಆಂಟಿ ಬರೆಸಿದ ಆಹ್ವಾನ ಪತ್ರಗಳು

ಗಿರಿಜಾ ಆಂಟಿಗೆ ಕುಳಿತು ಫೋನಿನಲ್ಲಿ ಮಾತಾಡಲು ಬರುತ್ತಲೇ ಇರಲಿಲ್ಲ. ಶಿಕಾಗೋದಿಂದ ಐದು ಗಂಟೆ ದಾರಿಯ ರಾಚೆಸ್ಟರ್ ಹಿಲ್ಸ್‌ನ ತಮ್ಮ ಅಡುಗೆಮನೆಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆಯುತ್ತಲೇ ಆರು ದೇಶಗಳ ಶಾಲೆಗಳೊಂದಿಗೆ ಮಾತಾಡುತ್ತಿದ್ದರು. ಅವರ ಇಂಗ್ಲಿಷಿನಲ್ಲೂ ಧಾರವಾಡದ ಎಳೆತವಿತ್ತು. ಆ ಕಡೆಯವರಿಗೆ ತಿಳಿಯದಿದ್ದರೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ರಿಸೆಷನ್ನಿನ ದಿನಗಳಲ್ಲಿ. ಗಂಡನ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಇವರ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ತೆಗೆಯುತ್ತಿದ್ದರು. ಶಿಕಾಗೋ ಪಕ್ಕದ ಸ್ಕೋಕಿಯ ಅಪಾರ್ಟ್‌ಮೆಂಟಿನಲ್ಲಿ ದಿನವಿಡೀ ಒಬ್ಬಳೇ ಇದ್ದು, ಸಂಜೆ ಬಾಗಿಲು ತೆರೆದಾಗ ಇವರ ಮುಖ ನೋಡಿ ಸುದ್ದಿ ಊಹಿಸುವುದೇ ನನ್ನ ಕೆಲಸ. ಆಗ ಶಿಕಾಗೋದಲ್ಲಿ ಒಂದು ಅಂತರರಾಷ್ಟ್ರೀಯ ಯುವ ಸಮ್ಮೇಳನ ನಡೆಯುವುದಿತ್ತು. ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ತಾವೇ ಮುಂದಾಗಿ ಮಾಡಿದ ಕೆಲಸಗಳನ್ನು ಬಂದು ವಿವರಿಸಬೇಕು. ಸ್ವಯಂಸೇವಕರು ಬೇಕೆಂದು ಕೇಳಿ ಹೆಸರು ಕೊಟ್ಟೆ. ಮಕ್ಕಳನ್ನು ಕರೆಸುವ ಹೊಣೆ ಹೊತ್ತಿದ್ದ ಗಿರಿಜಾ ಆಂಟಿಯಿಂದ ಮರುದಿನವೇ ಫೋನ್ ಬಂತು.

"ತಂಗಿ, ಮನ್ಯಾಗ ಕೂತು ಏನ್ ಮಾಡ್ಲಿಕ್ಕತ್ತೀ?"

"ಏನಿಲ್ಲ ಆಂಟಿ."

"ಹಂಗಾರ ಛಲೋ ಆತು. ಹತ್ತೊಂಬತ್ತು ಹುಡುಗೂರಿಗೆ ಆಹ್ವಾನ ಪತ್ರ ಬರೀಬೇಕು."

'ಸಮ್ಮೇಳನ ಮುಗಿದ ಕೂಡಲೇ ಇವರು ಸ್ವದೇಶಕ್ಕೆ ಮರಳುತ್ತಾರೆ' ಎಂಬ ಮಾತು ಪ್ರತಿ ಪತ್ರದಲ್ಲೂ ಇರಬೇಕಿತ್ತು, ವೀಸಾ ಕೊಡುವವರಿಗಾಗಿ. ಒಮ್ಮೆ ಅದನ್ನು ಓದಿ ಹೇಳಿದಾಗ ಫೋನಿನಲ್ಲಿ ಅವರ ನಡಿಗೆಯ ಸದ್ದು ನಿಂತಿತು. ಧಾರವಾಡದಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಆಂಟಿ ಊರಿಗೆ ಹೋಗಿ ಏಳು ವರ್ಷವಾಗಿತ್ತು. ಹೋದರೆ ಮರಳಲು ಹೊಸ ವೀಸಾ ಬೇಕು. ಅವರದೂ ನನ್ನಂತೆ ಗಂಡನ ವೀಸಾ; ಗಂಡ ಕೆಲಸಕ್ಕಿದ್ದ ಕಾರಿನ ಬಿಡಿಭಾಗಗಳ ಕಂಪನಿಯೇ ಅಲುಗಾಡುತ್ತಿರುವಾಗ ಅದು ಸಿಗುವ ಖಾತ್ರಿ ಇರಲಿಲ್ಲ.

"ಹೋಗ್ಲಿಕ್ಕೆ ಯಾರೂ ಬ್ಯಾಡ ಅನ್ನೂದಿಲ್ಲ ತಂಗಿ," ಎಂದರು. "ಬರ್ಲಿಕ್ಕೆ ಬಿಡಬೇಕಲ್ಲ?"

ಹತ್ತೊಂಬತ್ತರಲ್ಲಿ ಹದಿನೆಂಟು ಮಕ್ಕಳಿಗೆ ವೀಸಾ ಸಿಕ್ಕಿತು. ಕೆನ್ಯಾದ ಗ್ರೇಸ್‌ಗೆ ಮಾತ್ರ ಸಿಗಲಿಲ್ಲ. ಅವಳು ಗೆಳತಿಯರೊಂದಿಗೆ ಶಾಲೆಯ ಸೂರಿನ ಮಳೆನೀರು ಹಿಡಿದು, ನೀರು ಹೊರಲು ಹೋಗಿ ಪಾಠ ಕಳೆದುಕೊಳ್ಳುತ್ತಿದ್ದ ಪುಟ್ಟ ಹುಡುಗಿಯರನ್ನು ತರಗತಿಯಲ್ಲಿ ಉಳಿಸಿದ್ದಳು. ಅವಳ ಭಾಷಣಕ್ಕಿಟ್ಟಿದ್ದ ಹದಿನೈದು ನಿಮಿಷವನ್ನು ಬೇರೆ ಶಾಲೆಗೆ ಕೊಡೋಣವೆಂದರು ಸಮಿತಿಯವರು.

"ಆ ಹುಡುಗಿಗೆ ವೀಸಾ ಇಲ್ಲ ಅಂದಾರ," ಎಂದರು ಆಂಟಿ. "ಮಾತೂ ಇಲ್ಲ ಅಂತ ಯಾರಂದ್ರು?"

ಸಮ್ಮೇಳನದ ದಿನ ಗ್ರೇಸ್‌ಗೆ ಕರೆ ಮಾಡಿ ಫೋನನ್ನು ಮೈಕಿನ ಮುಂದೆ ಹಿಡಿದೆವು. ಎರಡು ನಿಮಿಷಕ್ಕೆ ಲೈನ್ ಕಡಿಯಿತು. ಗ್ರೇಸ್ ಕಳಿಸಿದ್ದ ಭಾಷಣದ ಹಾಳೆ ಹಿಡಿದು ಆಂಟಿಯೇ ವೇದಿಕೆ ಹತ್ತಿದರು. ಐವತ್ತು ದಾಟಿದ ಹೆಂಗಸು "ನನಗೆ ಹದಿನಾರು ವರ್ಷ" ಎಂದು ಇಂಗ್ಲಿಷಿನಲ್ಲಿ ಓದಿದಾಗ ಮಕ್ಕಳು ನಕ್ಕರು. ಅವರು ನಿಲ್ಲಿಸಲಿಲ್ಲ. "ಬರಬೇಕೆಂದು ನನಗೆ ತುಂಬ ಆಸೆಯಿತ್ತು" ಎಂಬ ಸಾಲನ್ನು ಮಾತ್ರ ಎರಡು ಸಲ ಓದಿದರು.

ಮುಂದಿನ ವಾರ ಅವರು ತಾಯಿಯ ಬಳಿಗೆ ಹೊರಟುಹೋದರು. ತಾಯಿ ಜೀವಂತ ಸಿಕ್ಕರು, ಅವರ ಕೊನೆಯ ಎರಡು ತಿಂಗಳು ಆಂಟಿ ಜೊತೆಗಿದ್ದರು. ಮರಳುವ ವೀಸಾ ಸಿಗಲಿಲ್ಲ. ಆ ಚಳಿಗಾಲದಲ್ಲಿ ಗಂಡನ ಕೆಲಸವೂ ಹೋಗಿ, ಹೈಸ್ಕೂಲಿನಲ್ಲಿದ್ದ ಮಗಳನ್ನು ಕರೆದುಕೊಂಡು ಅವರೂ ಧಾರವಾಡ ಸೇರಿದರು.

ನಾನು ಆಂಟಿಯನ್ನು ಕೊನೆಯ ಸಲ ನೋಡಿದ್ದು ಸಮ್ಮೇಳನದ ಮರುದಿನ. ನನ್ನನ್ನು ಮನೆಗೆ ಬಿಡಲು ಬಂದವರು ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಊರಿಗೆ ಹೋಗುವ ಸುದ್ದಿ ಹೇಳಿದರು.

"ವಾಪಸ್ ಬರೋಕೆ ಆಗ್ದಿದ್ರೆ ಆಂಟಿ?"

"ಆಗ್ದಿದ್ರ ಇಲ್ಲ. ನೀ ಇನ್ನೂ ಎಷ್ಟು ದಿನ ಮನ್ಯಾಗ ಕೂಡಾಕಿ? ಇಳಿ, ಈ ಕಡೆ ಬಾ." ಇಳಿದು ತಮ್ಮ ಸೀಟಿನಲ್ಲಿ ನನ್ನನ್ನು ಕೂರಿಸಿ, ತಾವು ಪಕ್ಕಕ್ಕೆ ಬಂದರು. "ಬ್ರೇಕ್ ಮ್ಯಾಲಿಂದ ಕಾಲು ತಗಿ. ಹಗೂರ."

ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟದಿದ್ದ ನಾನು ಗಂಟೆಗೆ ಐದು ಮೈಲಿ ವೇಗದಲ್ಲಿ ನಾಲ್ಕು ಸುತ್ತು ಹಾಕಿದೆ. ರಸ್ತೆಗೆ ಹೋಗುವ ತಿರುವು ಬಂದಾಗಲೆಲ್ಲ ಮತ್ತೆ ಒಳಕ್ಕೇ ತಿರುಗಿಸಿದೆ. "ಇನ್ನೊಂದು ಸುತ್ತು," ಎಂದರು ಆಂಟಿ.