ಅಳಿಯನ ಕೆಮ್ಮಿನ ಅಸಲಿ ಕಾರಣ

ಕರುಳು ಗಂಟು ಬಿದ್ದಿರಬಹುದು. ಥೈರಾಯ್ಡ್ ಇರಬಹುದು. ಹೋದ ವಾರ ನುಂಗಿದ ಹುಣಸೆಬೀಜ ಅಡ್ಡ ಕೂತಿರಬಹುದು. ಕಲಬುರಗಿಯಲ್ಲಿ ಆಪರೇಷನ್, ಆಮೇಲೆ ಪೇಪರಿನ ಮೂಲೆಯಲ್ಲಿ ನನ್ನ ಫೋಟೊ. (ಯಾವ ಫೋಟೊ ಕೊಡುತ್ತಾರೋ ಎಂಬುದು ಬೇರೆ ಚಿಂತೆ.)

ಇಷ್ಟೆಲ್ಲ ಹೊಳೆದದ್ದು ಕೊಡ್ಲಿ ಊರಿನ ಅತ್ತೆಮನೆಯ ಪಾಯಖಾನೆಯಲ್ಲಿ ಕೂತಾಗ. ಹೆಂಡತಿಯ ಅಣ್ಣನ ಮಗಳು ಬಸುರಿ, ಅವಳ ಕುಬಸಕ್ಕೆಂದು ಸೇಡಂನಿಂದ ಬಂದಿದ್ದೆವು. ಬಸ್ಸಿನಲ್ಲಿ ಅವಸರವಾದರೆ ಏನು ಗತಿ ಎಂದು ಹಿಂದಿನ ದಿನದಿಂದಲೇ ನಾನು ನೀರು ಕುಡಿಯುವುದು ಬಿಟ್ಟಿದ್ದೆ. ಪರಿಣಾಮ? ಬಂದಾಗಿನಿಂದ ಹೊಟ್ಟೆಯೊಳಗೆ ಶಹಾಬಾದಿನ ಫರ್ಸಿಕಲ್ಲು ಹಾಸಿದಂತಾಗಿತ್ತು.

ಮರುದಿನ ಹೋಳಿಗೆ ಊಟ. ಅಳಿಯ ಎಲೆ ಮುಂದೆ ಕೂತು "ಸಾಕು" ಎಂದರೆ ಆ ಮನೆಯಲ್ಲಿ ಅದು ಮುನಿಸೆಂದೇ ಲೆಕ್ಕ. ಅಷ್ಟರೊಳಗೆ ಹೊಟ್ಟೆಯಲ್ಲಿ ಜಾಗ ಖಾಲಿಯಾಗಲೇಬೇಕಿತ್ತು.

ಆದರೆ ಬಾಗಿಲಿಗೆ ಚಿಲಕವಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದರೆ ಒಳಗಿದ್ದವರು ಕೆಮ್ಮಬೇಕು, ಅದೇ ಪದ್ಧತಿ. ಉಳಿದವರು ಒಮ್ಮೆ ಕೆಮ್ಮಿ ಮುಗಿಸುತ್ತಾರೆ. ನಾನೋ ಎದ್ದೇಳುವವನಲ್ಲ. ಮನೆ ತುಂಬ ನೆಂಟರ ಓಡಾಟ ಬೇರೆ. ಕೆಮ್ಮಿದ್ದೇ ಕೆಮ್ಮಿದ್ದು!

ಹೊರಗೆ ಬಂದರೆ ಅತ್ತೆ ಕಷಾಯ ಹಿಡಿದು ನಿಂತಿದ್ದರು.

"ಭಾಳ ಕೆಮ್ಮಲಿಕತ್ತೀರಿ. ಎದಿಯಾಗ ಕಫ ಕಟ್ಯಾದ. ಕುಡೀರಿ."

ಬಾಳೆಹಣ್ಣಿಗೆ ಕೈ ಹಾಕಿದೆ. ತಾಟೇ ಸರಿಯಿತು. "ಥಂಡಿ ಆಗ್ತದ್ರಿ!"

ಪಪ್ಪಾಯಿ? "ಬ್ಯಾಡ್ರಿ."

ಮಜ್ಜಿಗೆ? "ಕೆಮ್ಮು ಬಂದೋರು ಮಜ್ಜಿಗಿ ಕುಡೀತಾರೇನ್ರಿ?"

ನನಗೆ ಬೇಕಾದದ್ದೆಲ್ಲ ಕಣ್ಣೆದುರೇ ಅಡುಗೆಮನೆ ಸೇರಿತು. ನಿಜ ಹೇಳಬಹುದಿತ್ತಲ್ಲ? ಬಸ್ಸಿನಲ್ಲಿ ಗುರುತಿಲ್ಲದವರಿಗೆ ನನ್ನ ಶುಗರ್, ಬಿಪಿ ಎಲ್ಲ ವರದಿ ಒಪ್ಪಿಸುವವನು ನಾನು. ಇದೊಂದಕ್ಕೆ ಮಾತ್ರ ನಮ್ಮೆಲ್ಲರ ನಾಲಿಗೆಯೂ ಕಟ್ಟಿಕೊಳ್ಳುತ್ತದೆ. ಯಾಕೆ?

ಕೊನೆಗೆ ಹೆಂಡತಿಯೇ ಹೇಳಿದಳು. ತುಂಬಿದ ಪಡಸಾಲೆಯಲ್ಲಿ.

"ಯವ್ವಾ, ಅವರಿಗಿ ಕೆಮ್ಮಲ್ಲ. ಬಂದಾಗಿಂದ ಹೊಟ್ಟಿ ಖಾಲಿ ಆಗಿಲ್ಲ!"

ಆಮೇಲೆ ಎಲ್ಲರೂ ಡಾಕ್ಟರೇ.

"ಅಯ್ಯ, ಇಷ್ಟಕ್ಕ ನಾಚ್ತಾರೇನ್ರಿ? ನಿಮ್ಮ ಮಾವಂದು ದಿನಾ ಇದೇ ಕಾರುಬಾರು" ಎಂದು ಅತ್ತೆ ಬಿಸಿನೀರಿನ ತಂಬಿಗೆ ತಂದಿಟ್ಟರು. ಬಾಳೆಹಣ್ಣು ಬಂತು, ಪಪ್ಪಾಯಿ ಬಂತು. ಬೆಳಿಗ್ಗೆ ಹೆಂಡತಿಯ ತಮ್ಮ ಪಾಯಖಾನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ.

"ಆರಾಮ್ ಕುಂದ್ರಿ ಮಾಮಾ. ಒಂದು ನೊಣಾನೂ ಬಿಡಂಗಿಲ್ಲ."

ಕೆಮ್ಮುವ ಜವಾಬ್ದಾರಿ ಇಲ್ಲದೆ ಕೂತೆ. ಆಯಿತು! (ವಿವರ ಬೇಡ.) ಮಧ್ಯಾಹ್ನ ಹೋಳಿಗೆಯನ್ನು ನಾನೇ ಕೇಳಿ ಬಡಿಸಿಕೊಂಡೆ. ಅತ್ತೆಯ ಮುಖ ಅರಳಿತು.

ಹಾಗಾದರೆ ಕೆಟ್ಟದ್ದು ಏನೂ ಆಗಲಿಲ್ಲವೇ? ಒಂದು ಸಣ್ಣದು ಆಯಿತು. ಅಂದು ಪಡಸಾಲೆಯಲ್ಲಿದ್ದ ಕಾಳಗಿಯ ನೆಂಟರು ಈಗ ಫೋನ್ ಮಾಡಿದರೆ "ಊಟ ಆಯ್ತೇನ್ರಿ?" ಎಂದು ಕೇಳುವುದಿಲ್ಲ, ನೇರವಾಗಿ ಅದರ ಮುಂದಿನ ಪ್ರಶ್ನೆಗೇ ಹೋಗುತ್ತಾರೆ.