ಮಡಿಯಲ್ಲಿ ಬಂದ ದನಿ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಕ್ಕಲಕೋಟದ ನನ್ನ ಸೋದರಮಾವ ಒಂದು ಭಾನುವಾರ ಮುಂಜಾನೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಟವೆಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಸ್ಸಿನಲ್ಲಿ ಸೊಲ್ಲಾಪುರದ ನಮ್ಮ ಮನೆಗೆ ಬಂದ. ಮುಂಬೈಯ ಯಾವುದೋ ಹಾಡು ಮುದ್ರಿಸುವ ಸ್ಟುಡಿಯೋ ಬೇಡವೆಂದು ತೆಗೆದುಹಾಕಿದ್ದ ಪೆಟ್ಟಿಗೆ ಅದು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಸಿ.ಡಿ.ಯೊಳಗೆ ಹಾಡು ಅಂಕಿಗಳಾಗಿ ಕೂತಿರುತ್ತದೆ. ಈ ಪೆಟ್ಟಿಗೆ ಅವನ್ನು ಅಂಕಿಗಳಾಗಿಯೇ ಉಳಿಸಿಕೊಂಡು ದಪ್ಪ ದನಿಯನ್ನು ನನ್ನ ಬಳಿಯಿದ್ದ ದೊಡ್ಡ ಸ್ಪೀಕರಿಗೆ, ತೆಳು ದನಿಯನ್ನು ಚಿಕ್ಕದಕ್ಕೆ ಹಂಚುತ್ತಿತ್ತು. ಮೇಲಾಗಿ, ಮೈಕಿನಿಂದ ಕೋಣೆಯ ಗುಣ ಆಲಿಸಿ ಅದಕ್ಕೆ ತಕ್ಕಂತೆ ದನಿಯನ್ನು ತಿದ್ದುತ್ತಿತ್ತು.

"ನಡುವ ಯಾರೂ ಮುಟ್ಟಬಾರ್ದು ನೋಡು," ಎಂದ ಮಾಮಾ. "ಮಡೀಲಿ ನೀರು ತಂದಂಗ, ಅಂಕಿ ಅಂಕಿಯಾಗೇ ಕಡೀತನಾ ಬರಬೇಕು."

ಚಾದರದ ವ್ಯಾಪಾರಿಯಾದ ಅಪ್ಪನಿಗೆ ಇದೆಲ್ಲ ಹುಚ್ಚಾಟ. "ಸಂಜೀಗೆ ಕೇಳ್ತೀನಿ. ನನ್ನ ರೇಡಿಯೋಕಿಂತ ಚಲೋ ಇದ್ರ ಇರ್ಲಿ. ಇಲ್ಲಂದ್ರ ನಾಳಿ ಮುಂಜಾನಿ ಬಸ್ಸಿಗೆ ವಾಪಸ್," ಎಂದ.

ನಮ್ಮ ಪಡಸಾಲೆಯಲ್ಲಿ ಅರ್ಧ ಜಾಗ ಚಾದರದ ಗಂಟುಗಳದೇ. ಅವುಗಳ ನಡುವೆ ಮೈಕು ನಿಲ್ಲಿಸಿ ಮುಂಜಾನೆಯೆಲ್ಲ ಅಳತೆ ಮಾಡಿದೆವು. ಪೆಟ್ಟಿಗೆ ಸುಯ್ ಎಂದಿತು, ಕೀಚ್ ಎಂದಿತು. ಅವ್ವ ಎರಡು ಸಲ ಓಡಿಹೋಗಿ ಕುಕ್ಕರ್ ನೋಡಿ ಬಂದಳು. ಮೈಕು ಮದುವೆಗೆ ಚಪ್ಪರ, ಮೈಕು ಬಾಡಿಗೆ ಕೊಡುವ ಮಂಟಪದವನದು. ಅವತ್ತೇ ಅವನಿಗೊಂದು ಮದುವೆ ಇದ್ದುದರಿಂದ ಮಧ್ಯಾಹ್ನ ಇಬ್ಬರೂ ಹೋಗಿ ಕೊಟ್ಟು ಬಂದೆವು.

ಸಂಜೆ ಅಪ್ಪ ಎದುರಿಗೆ ಕೂತ. ಅಭಂಗದ ಸಿ.ಡಿ. ಹಚ್ಚಿದೆ. ಗುಂಯ್ ಎಂದು ಪಖವಾಜಿನ ಬಡಿತ ಕೊಡದೊಳಗೆ ಬಿದ್ದಂತೆ ಕೇಳಿತು. ನನ್ನ ಮುಖ ಬಾಡಿತು. ಆಗಷ್ಟೇ ಮಾಮಾ ಸುತ್ತ ನೋಡಿದ್ದು.

"ಭಾವಾರ, ಗಂಟು ಎಲ್ಲಿ ಹೋದ್ವು?"

"ನೀವು ಮೈಕು ಕೊಡಾಕ ಹೋದಾಗ ದುಕಾನಕ್ಕ ಕಳಿಸೀನಿ. ಹೆಂಡ್ತಿ ಅಣ್ಣ ಬಂದಾರ, ಆರಾಮ ಕೂಡಾಕ ಜಾಗಾ ಬ್ಯಾಡೇನ್ರಿ?"

ಅಪ್ಪನ ಆದರಾತಿಥ್ಯ ನಮ್ಮ ಬುಡಕ್ಕೇ ಬಂದಿತ್ತು! ಪೆಟ್ಟಿಗೆ ಗಂಟು ತುಂಬಿದ ಕೋಣೆಯನ್ನು ಕಲಿತಿತ್ತು, ಹಾಡುತ್ತಿದ್ದುದು ಬರಿಯ ಕೋಣೆಯಲ್ಲಿ. ಮತ್ತೆ ಅಳೆಯೋಣವೆಂದರೆ ಮೈಕು ಮದುವೆಗೆ ಹೋಗಿತ್ತು.

ಎರಡು ಗಲ್ಲಿ ಆಚೆಯ ಅಪ್ಪನ ಅಂಗಡಿಗೆ ಕೈಗಾಡಿ ತಳ್ಳಿಕೊಂಡು ಓಡಿದೆವು. ಧೋತರದ ಕಚ್ಚೆ ಬಿಗಿದ ಮಾಮಾ ಮುಂದೆ, ನಗು ತಡೆಯಲಾಗದ ನಾನು ಹಿಂದೆ. ಗಂಟುಗಳೇನೋ ಬಂದವು, ಯಾವುದು ಎಲ್ಲಿತ್ತೆಂದು ನಮಗೆ ನೆನಪಿಲ್ಲ. ವರ್ಷಗಟ್ಟಲೆ ಅವುಗಳ ಸುತ್ತ ಕಸ ಗುಡಿಸಿದ ಅವ್ವ ಸೆರಗು ಸಿಕ್ಕಿಸಿ ನಿಂತಳು. "ಅದು ಕಿಡಕಿ ಬಲ್ಲಿ. ಅದರ ಮ್ಯಾಲ ಹಸರಂದು. ಗೋಡಿಗೆ ಹಚ್ಚಬ್ಯಾಡ್ರಿ, ಕಸಬರಿಗಿ ಹೋಗೋವಷ್ಟು ಸಂದಿ ಬಿಡ್ರಿ."

ಮತ್ತೆ ಹಚ್ಚಿದೆ. ಪಖವಾಜು ತನ್ನ ಜಾಗದಲ್ಲಿ ನುಡಿಯಿತು. ಅಪ್ಪ ಎದ್ದು, ತಾಳ ಬಾರಿಸುವವನು ಹಿಂದೆ ಕೂತಿದ್ದಾನೇನೋ ಎಂಬಂತೆ ಗಂಟುಗಳ ಮೇಲಿಂದ ಇಣುಕಿ ನೋಡಿದ. ಆಮೇಲೆ ಕೈತೊಳೆದು ಊಟಕ್ಕೆ ಕೂತ.

ಮರುದಿನ ಮುಂಜಾನೆ ಮಾಮಾ ಚಪ್ಪಲಿ ಮೆಟ್ಟಿ ಹೊರಟಿದ್ದ. ಅಪ್ಪನ ತೀರ್ಪು ಇನ್ನೂ ಬಂದಿರಲಿಲ್ಲ, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಬೇಕೋ ಬೇಡವೋ ತಿಳಿಯದೆ ನಾನು ನಿಂತಿದ್ದೆ. ಅಷ್ಟರಲ್ಲಿ ವಳಸಂಗದ ಹಳೆಯ ಗಿರಾಕಿಯೊಬ್ಬ ಒಳಗೆ ಬಂದು, ಇವೇ ಗಂಟು ಕೊಡಿರೆಂದು ಕೈ ತೋರಿಸಿದ.

ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೊರಗೆ ತಿರುಗಿಸಿದ.

"ದುಕಾನಕ್ಕ ನಡೀರಿ, ಬ್ಯಾರೆ ತೋರಸ್ತೀನಿ. ಇವು ಮಾರಾಕಲ್ರಿ, ಹಾಡಿಗೆ ಬೇಕು."